ಕೈಯಲ್ಲಿ ಟ್ಯಾಬ್, ಎದುರಿಗೆ ಪೇಶೆಂಟ್: ನಿಮ್ಮ ಪ್ರಶ್ನೆ, ಡಾಕ್ಟರ್ ಉತ್ತರ

ಹೋದ ಸಂಚಿಕೆಯಲ್ಲಿ ಕೇಸ್ ಶೀಟ್ ಎಲ್ಲಾ ಕಂಪ್ಯೂಟರಿಗೆ ಹೋದ್ಮೇಲೆ ವಾರ್ಡಲ್ಲಿ ಏನೇನ್ ಬದ್ಲಾಯ್ತು ಅಂತ ಸ್ವಲ್ಪ ಬರ್ದಿದ್ದೆ. ಅದಕ್ಕೆ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ ಮೇಲೆ ಇದ್ವು, ಡಾಕ್ಟರ್ ಕೈಯಲ್ಲಿರೋ ಫೋನು, ಟ್ಯಾಬು, ಟ್ರಾಲಿ ಮೇಲಿನ ಲ್ಯಾಪ್‌ಟಾಪು, ಇವುಗಳಲ್ಲಿ ಪೇಶೆಂಟ್ ದಾಖಲೆ ನೋಡೋದು ನಿಜವಾಗ್ಲೂ ಸಲೀಸಾ ಅಂತ. ನಾನು ಜನರಲ್ ಮೆಡಿಸಿನ್ ಡಾಕ್ಟರ್, ಪೇಪರ್ ಫೈಲ್ ಇಟ್ಕೊಂಡೂ ರೌಂಡ್ಸ್ ಮಾಡಿದೀನಿ, ಟ್ಯಾಬ್ ಹಿಡ್ಕೊಂಡೂ ಮಾಡಿದೀನಿ, ಹಾಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕೇ ಇಟ್ಟಿದೀನಿ.

ಪ್ರಶ್ನೆ: ಸರ್, ನಮ್ಮ ಯುನಿಟ್‌ಗೆ ಎರಡು ಟ್ಯಾಬ್ ಕೊಟ್ಟಾರ. ಸೀನಿಯರ್ಸ್ ಯಾರೂ ಮುಟ್ಟಂಗಿಲ್ಲ, ರೌಂಡ್ಸ್ ನಡುವೆ ಎದ್ದು ನರ್ಸಿಂಗ್ ಸ್ಟೇಷನ್ ಕಂಪ್ಯೂಟರ್ ಹತ್ರನ ಹೋಗ್ತಾರ. ನಾವು ಪಿಜಿಗಳೂ ರಿಪೋರ್ಟ್ ಎಲ್ಲಾ ಚೀಟಿ ಮ್ಯಾಲೆ ಬರ್ಕೊಂಡು ಹೋಗ್ತೀವಿ. ತಪ್ಪು ನಮ್ದೋ ಟ್ಯಾಬಿಂದೋ?
ಪಿಜಿ ಸ್ಟೂಡೆಂಟ್, ಉತ್ತರ ಕರ್ನಾಟಕ

ಡಾಕ್ಟ್ರೇ, ತಪ್ಪು ನಿಮ್ದಲ್ಲ, ಟ್ಯಾಬಿಂದೂ ಅಲ್ಲ. ಟ್ಯಾಬ್ ಒಳಗೆ ಹಾಕಿಟ್ಟಿರೋ ಸ್ಕ್ರೀನ್ ಯಾರಿಗೋಸ್ಕರ ಮಾಡಿದ್ದು ಅನ್ನೋದನ್ನ ನೋಡಿ. ಬಹಳ ಕಡೆ ಏನಾಗಿದೆ ಅಂದ್ರೆ, ಬಿಲ್ಲಿಂಗ್ ಕೌಂಟರಲ್ಲಿ ಕೂತು ಮೌಸ್ ಹಿಡ್ಕೊಂಡು ಕೆಲ್ಸ ಮಾಡೋರಿಗೆ ಅಂತ ಮಾಡಿದ ದೊಡ್ಡ ಸ್ಕ್ರೀನನ್ನೇ ಹಿಂಡಿ ಎಂಟು ಇಂಚಿಗೆ ಕೂರ್ಸಿರ್ತಾರೆ, ಅದನ್ನ ನಿಂತ್ಕೊಂಡು, ಒಂದು ಕೈಯಲ್ಲಿ ಹಿಡ್ದು, ಇನ್ನೊಂದು ಕೈಯಲ್ಲಿ ಪೇಶೆಂಟ್ ನಾಡಿ ಹಿಡಿಯೋ ಮನುಷ್ಯ ಉಪಯೋಗಿಸ್ಬೇಕು ಅಂದ್ರೆ ಹೇಗಾಗತ್ತೆ ಹೇಳಿ.

ನನ್ನ ಕಣ್ಮುಂದೆ ಆಗಿದ್ದೊಂದು ಹೇಳ್ತೀನಿ. ಕಿಡ್ನಿ ತೊಂದರೆ ಇದ್ದ ಒಬ್ರು ಅಜ್ಜ, ಸುಮಾರು ಎಪ್ಪತ್ತು ವಯಸ್ಸು, ಬೆಳಗ್ಗೆ ರೌಂಡ್ಸಲ್ಲಿ ನಾನೇ ಟ್ಯಾಬಲ್ಲಿ ಲ್ಯಾಬ್ ರಿಪೋರ್ಟ್ ತೆಗ್ದು ನೋಡ್ದೆ, ಪೊಟ್ಯಾಶಿಯಂ 5.1 ಅಂತ ಕಾಣ್ತು, ಸ್ವಲ್ಪ ಜಾಸ್ತಿ, ನೋಡೋಣ ಬಿಡಿ ಅಂದ್ಕೊಂಡು ಮುಂದಿನ ಬೆಡ್ಡಿಗೆ ಹೋದೆ. ಹತ್ತು ನಿಮಿಷದಲ್ಲಿ ಲ್ಯಾಬಿಂದ ಸಿಸ್ಟರ್‌ಗೆ ಫೋನ್ ಬಂತು, ಕ್ರಿಟಿಕಲ್ ವ್ಯಾಲ್ಯೂ, ಅಂದ್ರೆ ಜೀವಕ್ಕೇ ಅಪಾಯ ಅನ್ನೋ ಮಟ್ಟ, ಪೊಟ್ಯಾಶಿಯಂ 6.6. ವಾಪಸ್ ಬಂದು ಟ್ಯಾಬ್ ನೋಡಿದ್ರೆ 5.1 ನಿನ್ನೇದು. ಆ ಟೇಬಲಲ್ಲಿ ತಾರೀಕು ಎಡದಿಂದ ಬಲಕ್ಕೆ ಹೋಗತ್ತೆ, ಇವತ್ತಿನ ಕಾಲಂ ಎಲ್ಲಕ್ಕಿಂತ ಬಲಗಡೆ, ಅಂದ್ರೆ ಟ್ಯಾಬ್ ಸ್ಕ್ರೀನಿನ ಆಚೆ, ಬೆರಳಲ್ಲಿ ಎಳೆದ್ರೆ ಮಾತ್ರ ಕಾಣತ್ತೆ, ಎಳೀಬೇಕು ಅಂತ ತೋರ್ಸೋ ಒಂದು ಗುರುತೂ ಇರ್ಲಿಲ್ಲ. ಡೆಸ್ಕ್‌ಟಾಪಲ್ಲಿ ಅದೇ ಟೇಬಲ್ ಪೂರ್ತಿ ಕಾಣತ್ತೆ, ಅಲ್ಲಿ ತೊಂದ್ರೇನೇ ಇಲ್ಲ. ತಕ್ಷಣ ಇಸಿಜಿ ತೆಗ್ಸಿ, ಕ್ಯಾಲ್ಸಿಯಂ ಗ್ಲುಕೊನೇಟ್ ಕೊಟ್ಟು, ಇನ್ಸುಲಿನ್ ಗ್ಲೂಕೋಸ್ ಹಾಕಿ ಅಜ್ಜ ಸುಧಾರಿಸ್ಕೊಂಡ್ರು. ಆದ್ರೆ ಆ ಹತ್ತು ನಿಮಿಷ ನಂಗೆ ಇವತ್ತಿಗೂ ಮರ್ತಿಲ್ಲ.

ಇದು ನಮ್ಮೊಬ್ಬರ ಕಥೆ ಅಲ್ಲ. 2005ರಲ್ಲೇ ಅಮೆರಿಕದ ಜಾಮಾ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು, ಕಂಪ್ಯೂಟರಲ್ಲಿ ಔಷಧಿ ಆರ್ಡರ್ ಬರೆಯೋ ವ್ಯವಸ್ಥೆಯೇ 22 ಬಗೆಯ ಔಷಧಿ ತಪ್ಪುಗಳಿಗೆ ದಾರಿ ಮಾಡ್ಕೊಡತ್ತೆ ಅಂತ ಅದರಲ್ಲಿ ತೋರ್ಸಿದ್ರು, ಒಬ್ಬ ಪೇಶೆಂಟಿನ ಔಷಧಿಗಳೆಲ್ಲಾ ಒಂದೇ ಕಡೆ ಕಾಣದೆ ಬೇರೆ ಬೇರೆ ಸ್ಕ್ರೀನಲ್ಲಿ ಹರಡಿ ಹೋಗೋದೂ ಅದರಲ್ಲೊಂದು. ಅದು ದೊಡ್ಡ ಕಂಪ್ಯೂಟರಿನ ಮಾತು, ಸ್ಕ್ರೀನ್ ಚಿಕ್ಕದಾದಷ್ಟೂ ಹರಡೋದು ಜಾಸ್ತಿ ತಾನೇ.

ಹಾಗಂತ ಟ್ಯಾಬ್ ಬೇಡ ಅಂತ ಹೇಳ್ತಿಲ್ಲ. ಷಿಕಾಗೋ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಮೆಡಿಸಿನ್ ವಿಭಾಗದ ರೆಸಿಡೆಂಟ್ ಡಾಕ್ಟರ್‌ಗಳಿಗೆಲ್ಲಾ ಐಪ್ಯಾಡ್ ಕೊಟ್ಟು ನೋಡಿದ್ರು, 2012ರಲ್ಲಿ ಅದರ ಫಲಿತಾಂಶ ಪ್ರಕಟ ಆಯ್ತು, ಟೈಮ್ ಉಳೀತು ಅಂತ ಹೆಚ್ಚಿನವರು ಹೇಳಿದ್ದಲ್ಲದೆ ಆರ್ಡರ್‌ಗಳೂ ಮುಂಚೆಗಿಂತ ಬೇಗ ಹೋಗ್ತಿದ್ವು ಅಂತ ಲೆಕ್ಕದಲ್ಲೂ ಕಂಡ್ಬಂತು. ಬೆಡ್ ಪಕ್ಕದಲ್ಲೇ ಆರ್ಡರ್ ಹಾಕೋ ಹಾಗಿದ್ರೆ ಆ ಲಾಭ ಖಂಡಿತ ಸಿಗತ್ತೆ.

ನೀವು ಒಂದು ಕೆಲ್ಸ ಮಾಡಿ. ನಾಳೆ ರೌಂಡ್ಸಲ್ಲಿ ಒಬ್ಬ ಪಿಜಿ ಕೈಗೆ ಪೆನ್ನು ಪೇಪರ್ ಕೊಟ್ಟು, ಇನ್ನೊಬ್ರು ಟ್ಯಾಬಲ್ಲಿ ಒಬ್ಬ ಪೇಶೆಂಟಿನ ಇವತ್ತಿನ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರ್ಸೋ ರಕ್ತ ಪರೀಕ್ಷೆ) ತೆಗೀಬೇಕಾದ್ರೆ ಎಷ್ಟು ಸಲ ಬೆರಳು ಒತ್ತಿದ್ರು, ಎಷ್ಟು ಸಲ ಲಾಗಿನ್ ಕೇಳ್ತು, ಎಷ್ಟು ಸೆಕೆಂಡ್ ಆಯ್ತು ಅಂತ ಬರ್ಕೊಳ್ಳಿ. ಹತ್ತು ಪೇಶೆಂಟಿಗೆ ಮಾಡಿದ್ರೆ ಸಾಕು. ಆ ಒಂದು ಹಾಳೆ ತಗೊಂಡು ನಿಮ್ಮ ಎಚ್‌ಓಡಿ, ಅಂದ್ರೆ ವಿಭಾಗದ ಮುಖ್ಯಸ್ಥರ ಹತ್ರ ಹೋಗಿ. ಸಾಫ್ಟ್‌ವೇರ್ ಕಂಪನಿಯವ್ರಿಗೆ "ಯೂಸ್ ಮಾಡೋಕೆ ಕಷ್ಟ" ಅಂದ್ರೆ ಟ್ರೇನಿಂಗ್ ಕೊಡ್ತೀವಿ ಅಂತಾರೆ, "ಹನ್ನೊಂದು ಸಲ ಒತ್ಬೇಕು, ಮೂರು ಸಲ ಪಾಸ್‌ವರ್ಡ್ ಹಾಕ್ಬೇಕು" ಅಂದ್ರೆ ಉತ್ತರ ಕೊಡ್ಲೇಬೇಕಾಗತ್ತೆ. ನಮ್ಮಲ್ಲಿ ಹಾಗೇ ಹಿಡ್ದು ಕೂತು ಇವತ್ತಿನ ಕಾಲಂ ಎಡಗಡೆಗೆ ತರ್ಸಿದ್ವಿ. ಆಮೇಲೆ ಸೀನಿಯರ್ಸೂ ಟ್ಯಾಬ್ ಕೇಳೋಕೆ ಶುರು ಮಾಡಿದ್ರು.

ಪ್ರಶ್ನೆ: ನಮ್ದು ಮೂವತ್ತು ಬೆಡ್ಡಿನ ನರ್ಸಿಂಗ್ ಹೋಮ್. ಎಲ್ಲಾ ಡಾಕ್ಟರ್‌ಗೂ ದೊಡ್ಡ ಟ್ಯಾಬ್ ಕೊಡಿಸ್ಬೇಕು ಅಂತಿದೀವಿ. ಯಾವ್ದು ತಗೊಳ್ಳೋದು?
ನರ್ಸಿಂಗ್ ಹೋಮ್ ಮಾಲೀಕರು, ತುಮಕೂರು

ಎಲ್ಲರಿಗೂ ಒಂದೇ ತಗೋಬೇಡಿ ಅಂತ ಮೊದ್ಲು ಹೇಳ್ತೀನಿ. ಕೆಲ್ಸ ಮೂರು ಥರ ಇದೆ. ಒಂದು, ಬರೀ ಕಣ್ಣಾಡ್ಸೋದು, ರಾತ್ರಿ ಮನೇಲಿದ್ದಾಗ ಡ್ಯೂಟಿ ಡಾಕ್ಟರ್ ಫೋನ್ ಮಾಡಿ ಹಿಮೋಗ್ಲೋಬಿನ್ ಇಷ್ಟಿದೆ ಅಂದಾಗ ಹಿಂದಿನದ್ದು ಎಷ್ಟಿತ್ತು ಅಂತ ನೋಡೋದು, ಇದಕ್ಕೆ ಫೋನ್ ಸಾಕು. ಎರಡು, ಬೆಡ್ ಬೆಡ್ಡಿಗೆ ಹೋಗಿ ನೋಡಿ ಚಿಕ್ಕ ಪುಟ್ಟ ಆರ್ಡರ್ ಹಾಕೋದು, ಇದಕ್ಕೆ ಎಂಟು ಇಂಚಿನ ಟ್ಯಾಬ್ ಸರಿ. ಮೂರು, ಡಿಸ್ಚಾರ್ಜ್ ಸಮ್ಮರಿ, ಹೊಸ ಅಡ್ಮಿಷನ್ ಹಿಸ್ಟರಿ, ಇಂಥ ಉದ್ದ ಬರವಣಿಗೆ, ಇದನ್ನ ಟ್ಯಾಬ್ ಗ್ಲಾಸ್ ಮೇಲೆ ಟೈಪ್ ಮಾಡಿ ಅಂತ ಯಾವ ಡಾಕ್ಟರ್‌ಗೂ ಹೇಳ್ಬೇಡಿ, ಕೀಬೋರ್ಡ್ ಮೇಲೆ ಬಂದ ತಕ್ಷಣ ಅರ್ಧ ಸ್ಕ್ರೀನ್ ಮುಚ್ಚಿಹೋಗತ್ತೆ, ಏನ್ ನೋಡಿ ಬರೀಬೇಕೋ ಅದೇ ಕಾಣಲ್ಲ. ಅದಕ್ಕೆ ಚಕ್ರ ಇರೋ ಟ್ರಾಲಿ ಮೇಲೆ ಒಂದು ಲ್ಯಾಪ್‌ಟಾಪ್, ನಿಜವಾದ ಕೀಬೋರ್ಡ್.

ತೂಕದ ವಿಷಯಾನ ಅಂಗಡೀಲಿ ಯಾರೂ ಯೋಚ್ನೆ ಮಾಡಲ್ಲ. 2010ರಲ್ಲಿ ಬಂದ ಮೊದಲ ಐಪ್ಯಾಡ್ 680 ಗ್ರಾಂ ಇತ್ತು, 2012ರ ಐಪ್ಯಾಡ್ ಮಿನಿ ಬರೀ 308 ಗ್ರಾಂ. ಕೈಯಲ್ಲಿ ಒಂದು ನಿಮಿಷ ಹಿಡಿದ್ರೆ ಎರಡೂ ಹಗುರಾನೇ, ಎರಡು ಗಂಟೆ ರೌಂಡ್ಸ್ ಮಾಡಿದ್ಮೇಲೆ ಮಣಿಕಟ್ಟು ಹೇಳತ್ತೆ. ಇನ್ನೊಂದು, ಬಿಳಿ ಕೋಟಿನ ಜೇಬು. ಹತ್ತು ಇಂಚಿಂದು ಜೇಬಿಗೆ ಹೋಗಲ್ಲ, ಜೇಬಿಗೆ ಹೋಗ್ದೇ ಇದ್ದದ್ದು ಪೇಶೆಂಟ್ ಹೊಟ್ಟೆ ಮುಟ್ಟಿ ನೋಡೋ ಹೊತ್ತಿಗೆ ಎಲ್ಲಿ ಇಡ್ತೀರಿ? ಬೆಡ್ ಮೇಲೆ. ಬೆಡ್ ಮೇಲಿಟ್ಟದ್ದು ಮರ್ತು ಅಲ್ಲೇ ಉಳಿಯತ್ತೆ, ಇಲ್ಲಾ ಕೆಳಗೆ ಬೀಳತ್ತೆ. ಕೋಟ್ ಹಾಕ್ಕೊಂಡು ಅಂಗಡಿಗೆ ಹೋಗಿ ಜೇಬಿಗೆ ಹಾಕಿ ನೋಡಿ, ನಾಚ್ಕೊಳ್ಳೋದೇನಿಲ್ಲ.

ಕೊಳ್ಳೋ ಮುಂಚೆ ಒಂದೇ ಒಂದು ತಂದು ಒಂದು ವಾರ ಓಡ್ಸಿ. ಎಕ್ಸ್-ರೇ ರೂಮಿನ ಸುತ್ತ ನಡೀರಿ, ಆ ಗೋಡೇಲಿ ಸೀಸದ ಹಾಳೆ ಇರೋದ್ರಿಂದ ವೈಫೈ ಅಲ್ಲಿ ಕಡಿತ ಆಗತ್ತೆ, ಲಿಫ್ಟ್ ಹತ್ರಾನೂ ಅಷ್ಟೇ. ಕರೆಂಟ್ ಹೋಗಿ ಜನರೇಟರ್ ಶುರುವಾಗೋ ಗ್ಯಾಪಲ್ಲಿ ವೈಫೈ ರೂಟರ್ ಆಫ್ ಆಗತ್ತಾ ನೋಡಿ, ಆಗೋದಾದ್ರೆ ಟ್ಯಾಬಿಗಿಂತ ಮೊದ್ಲು ರೂಟರಿಗೆ ಒಂದು ಚಿಕ್ಕ ಯುಪಿಎಸ್ ತಗೊಳ್ಳಿ. ಗ್ಲೌಸ್ ಹಾಕಿದ್ರೆ ಬೆರಳ ಗುರುತಿನ ಲಾಕ್ ಕೆಲ್ಸ ಮಾಡಲ್ಲ, ಮಾಸ್ಕ್ ಹಾಕಿದ್ರೆ ಮುಖ ನೋಡಿ ತೆಗಿಯೋ ಲಾಕೂ ಸುಮಾರು ಡಿವೈಸಲ್ಲಿ ಕೈಕೊಡತ್ತೆ, ಹಾಗಾಗಿ ಪಿನ್ ಹಾಕಿ ತೆಗಿಯೋ ದಾರಿ ಇರ್ಲೇಬೇಕು. ಒಂದು ವಾರ ಆದ್ಮೇಲೆ ಉಪಯೋಗಿಸಿದ ಡಾಕ್ಟರನ್ನೇ ಕೇಳಿ ಆಮೇಲೆ ಆರ್ಡರ್ ಕೊಡಿ.

ಪ್ರಶ್ನೆ: ಅಪ್ಪನ್ನ ಡಾಕ್ಟರ್ ಹತ್ರ ಕರ್ಕೊಂಡ್ ಹೋದ್ರೆ ಅವ್ರು ಪೂರ್ತಿ ಹೊತ್ತು ಟ್ಯಾಬ್ ನೋಡ್ಕೊಂಡೇ ಮಾತಾಡ್ತಾರೆ. ಹೊರಗೆ ಬಂದ್ಮೇಲೆ ಅಪ್ಪ "ನನ್ ಮುಖಾನೇ ನೋಡ್ಲಿಲ್ಲ ಕಣಮ್ಮಾ" ಅಂದ್ರು. ಇದು ಸರೀನಾ?
ಗೃಹಿಣಿ, ಮೈಸೂರು

ಸರಿ ಅಲ್ಲ ತಾಯಿ. ನಿಮ್ಮ ತಂದೆಯವ್ರ ಮಾತು ಓದಿ ಮನಸ್ಸಿಗೆ ತುಂಬಾ ಬೇಜಾರಾಯ್ತು, ಯಾಕಂದ್ರೆ ನನ್ನ ಪೇಶೆಂಟ್‌ಗಳೂ ಮನೇಗ್ ಹೋಗಿ ಹಾಗೇ ಹೇಳಿರ್ತಾರೇನೋ ಅನ್ನಿಸ್ತು.

ಯಾಕ್ ಹೀಗಾಗತ್ತೆ ಅಂತ ಹೇಳ್ಬೇಕು. 2016ರಲ್ಲಿ ಪ್ರಕಟ ಆದ ಒಂದು ಅಧ್ಯಯನಕ್ಕೆ ಅಮೆರಿಕದಲ್ಲಿ 57 ಡಾಕ್ಟರ್‌ಗಳ ಪಕ್ಕ ಜನ ನಿಲ್ಸಿ ಅವ್ರ ದಿನ ಹೇಗ್ ಕಳೀತು ಅಂತ ಗಡಿಯಾರ ಹಿಡ್ದು ಅಳೆದ್ರು. ಕೆಲಸದ ಹೊತ್ತಿನಲ್ಲಿ ಪೇಶೆಂಟ್ ಜೊತೆ ನೇರವಾಗಿ ಕಳೆದದ್ದು 27%, ಕಂಪ್ಯೂಟರ್ ದಾಖಲೆ ಮತ್ತು ಮೇಜಿನ ಕೆಲ್ಸಕ್ಕೆ ಹೋದದ್ದು 49%. ನಮ್ಮ ಓಪಿಡಿ ಬೇರೆ ಥರ, ಇಲ್ಲಿ ಹೊರಗೆ ನೂರು ಜನ ಕೂತಿರ್ತಾರೆ, ಆದ್ರೆ ಸ್ಕ್ರೀನ್ ಡಾಕ್ಟರ್ ಕಣ್ಣನ್ನ ಎಳ್ಕೊಳ್ಳೋದು ಇಲ್ಲೂ ಹಾಗೇನೇ. ಅದೂ ಟ್ಯಾಬನ್ನ ಎದೆ ಹತ್ರ ಹಿಡ್ಕೊಂಡ್ರೆ ಪೇಶೆಂಟಿಗೆ ಕಾಣೋದು ಅದರ ಬೆನ್ನು ಮಾತ್ರ, ಒಳಗೆ ಏನ್ ಬರೀತಿದಾರೆ, ಯಾರಿಗ್ ಮೆಸೇಜ್ ಮಾಡ್ತಿದಾರೆ ಅಂತ ಹೇಗ್ ಗೊತ್ತಾಗ್ಬೇಕು. ಹಳೇ ಕೇಸ್ ಶೀಟ್ ಮೇಜಿನ ಮೇಲೆ ತೆರ್ದಿರ್ತಿತ್ತು, ಪೇಶೆಂಟೂ ಬಗ್ಗಿ ನೋಡ್ತಿದ್ರು.

ಅದೇ ಟ್ಯಾಬನ್ನ ಪೇಶೆಂಟ್ ಪಕ್ಕಕ್ಕೆ ತಿರುಗ್ಸಿದ್ರೆ ಎಲ್ಲಾ ಬದ್ಲಾಗತ್ತೆ. ನಾನು ಶುಗರ್ ಪೇಶೆಂಟ್‌ಗಳಿಗೆ ಅವ್ರ ಆರು ತಿಂಗಳ ಎಚ್‌ಬಿಎ1ಸಿ (ಸರಾಸರಿ ಶುಗರ್ ತೋರ್ಸೋ ಪರೀಕ್ಷೆ) ಗ್ರಾಫ್ ತೋರ್ಸಿ "ನೋಡಿ, ಇಲ್ಲಿ ಮದ್ವೆ ಸೀಸನ್ನಲ್ಲಿ ಏರ್ತು, ಇಲ್ಲಿ ನೀವು ನಡಿಯೋಕೆ ಶುರು ಮಾಡಿದ್ರಿ, ಇಳೀತು" ಅಂತ ಹೇಳ್ತೀನಿ, ಅವ್ರು ಕನ್ನಡಕ ಹಾಕ್ಕೊಂಡು ಬೆರಳಿಟ್ಟು ನೋಡ್ತಾರೆ, ಪ್ರಶ್ನೆ ಕೇಳ್ತಾರೆ. ಡೆಸ್ಕ್‌ಟಾಪಲ್ಲಿ ಇದು ಆಗ್ತಿರ್ಲಿಲ್ಲ, ಟ್ಯಾಬಲ್ಲಿ ಆಗತ್ತೆ, ಕೈಯಲ್ಲಿ ಹಿಡಿಯೋ ಡಿವೈಸಿನ ದೊಡ್ಡ ಪ್ರಯೋಜನ ಇದೇ ಅಂತ ನನಗೆ ಅನ್ಸತ್ತೆ. ಮುಂದಿನ ಸಲ ಹೋದಾಗ "ಡಾಕ್ಟ್ರೇ, ಅಪ್ಪನ ರಿಪೋರ್ಟ್ ನಮಗೂ ಸ್ವಲ್ಪ ತೋರಿಸ್ತೀರಾ" ಅಂತ ಕೇಳಿ. ಕೇಳೋದ್ರಲ್ಲಿ ಸಂಕೋಚ ಬೇಡ, ದಾಖಲೆ ನಿಮ್ಮ ತಂದೇದೇ. ಆಸ್ಪತ್ರೇಲಿ ದಾಖಲಾಗಿದ್ದವ್ರ ರೆಕಾರ್ಡ್ ಮೂರು ವರ್ಷ ಇಟ್ಕೋಬೇಕು, ಕೇಳಿದ್ರೆ 72 ಗಂಟೆ ಒಳಗೆ ಕೊಡ್ಬೇಕು ಅಂತ ಮೆಡಿಕಲ್ ಕೌನ್ಸಿಲ್ 2002ರ ನಿಯಮದಲ್ಲೇ ಇದೆ.

ಪ್ರಶ್ನೆ: ಒಂದೇ ಟ್ಯಾಬ್ ಎಲ್ಲಾ ಬೆಡ್ಡಿಗೂ ಹೋಗತ್ತೆ, ಡಾಕ್ಟರ್ಸ್ ಅದನ್ನ ಬೆಡ್‌ಶೀಟ್ ಮೇಲೆ ಇಡ್ತಾರೆ. ಸ್ಪಿರಿಟ್ ಹಾಕಿ ಒರ್ಸಿದ್ರೆ ಸ್ಕ್ರೀನ್ ಹಾಳಾಗತ್ತೆ ಅಂತಾರೆ. ಏನ್ ಮಾಡೋದು?
ಸ್ಟಾಫ್ ನರ್ಸ್, ಮಂಗಳೂರು

ಸಿಸ್ಟರ್, ನೀವ್ ಕೇಳಿದ್ದು ಸರಿಯಾದ ಪ್ರಶ್ನೆ. ಕೈ ತೊಳ್ಕೊಂಡು ಬಂದ ಡಾಕ್ಟರ್ ಟ್ಯಾಬ್ ಮುಟ್ಟಿ ಆಮೇಲೆ ಪೇಶೆಂಟನ್ನ ಮುಟ್ಟಿದ್ರೆ ತೊಳೆದದ್ದು ಅಲ್ಲಿಗೆ ಮುಗೀತು. 70% ಐಸೊಪ್ರೊಪೈಲ್ ಆಲ್ಕೊಹಾಲ್ ಇರೋ ವೈಪಲ್ಲಿ ಮೆತ್ತಗೆ ಒರೆಸ್ಬಹುದು ಅಂತ ಆಪಲ್ ಕಂಪನಿಯೇ 2020ರಲ್ಲಿ ಹೇಳಿದೆ. ನಿಮ್ಮ ಟ್ಯಾಬ್ ಬೇರೆ ಕಂಪನೀದಾದ್ರೆ ಅದರ ಪುಸ್ತಕ ಒಂದ್ಸಲ ನೋಡ್ಕೊಳ್ಳಿ. ದ್ರವಾನ ಸ್ಕ್ರೀನ್ ಮೇಲೆ ಸುರೀಬೇಡಿ, ಸ್ಪ್ರೇನೂ ನೇರ ಹೊಡೀಬೇಡಿ, ಚಾರ್ಜಿಂಗ್ ತೂತಿಗೆ ಹೋದ್ರೆ ಹಾಳಾಗೋದು ಅದರಿಂದ. ಲೆದರ್ ಕವರ್, ಬಟ್ಟೆ ಪಟ್ಟಿ ಇದ್ರೆ ಇವತ್ತೇ ತೆಗ್ಸಿ, ಅದನ್ನ ಒರ್ಸಿ ಕ್ಲೀನ್ ಮಾಡೋಕೆ ಆಗಲ್ಲ, ಸಿಲಿಕಾನ್ ಕವರ್ ಹಾಕ್ಸಿ. ಮತ್ತೆ ಪ್ರತಿ ಬೆಡ್ಡಿನ ಕಾಲ ಬುಡದಲ್ಲಿ, ಮುಂಚೆ ಚಾರ್ಟ್ ಸಿಕ್ಕಿಸ್ತಿದ್ರಲ್ಲ, ಆ ಕೊಕ್ಕೆ ಜಾಗದಲ್ಲೇ ಟ್ಯಾಬ್ ಇಡೋಕೆ ಒಂದು ಸ್ಟ್ಯಾಂಡ್ ಮಾಡ್ಸೋಕೆ ಮೇಂಟೆನೆನ್ಸ್‌ನವ್ರಿಗೆ ಹೇಳಿ. ಇಡೋಕೆ ಜಾಗ ಇದ್ರೆ ಡಾಕ್ಟರ್ ಬೆಡ್‌ಶೀಟ್ ಮೇಲೆ ಇಡಲ್ಲ. ಐಸೋಲೇಷನ್ ರೂಮಿಗೆ ಮಾತ್ರ ಬೇರೆ ಟ್ಯಾಬ್ ಇಡಿ, ಅದು ಹೊರಗೆ ಬರ್ಲೇಬಾರ್ದು.

ಪ್ರಶ್ನೆ: ಆಸ್ಪತ್ರೆ ಆ್ಯಪ್ ನಿಧಾನ, ಅದಕ್ಕೆ ನಾವು ರಿಪೋರ್ಟ್ ಫೋಟೋ ಹೊಡ್ದು ವಾಟ್ಸಾಪ್ ಗ್ರೂಪಿಗೆ ಹಾಕ್ತೀವಿ. ಕೆಲ್ಸ ಬೇಗ ಆಗತ್ತೆ. ತಪ್ಪಾ?
ಡಾಕ್ಟರ್, ಶಿವಮೊಗ್ಗ ಜಿಲ್ಲೆ

ನೀವ್ ಯಾಕ್ ಮಾಡ್ತಿದೀರಿ ಅಂತ ಪೂರ್ತಿ ಅರ್ಥ ಆಗತ್ತೆ, ನಾನೂ ಮಾಡಿದೀನಿ. ರಾತ್ರಿ ಎರಡು ಗಂಟೇಲಿ ಇಸಿಜಿ ಫೋಟೋ ಒಂದು ಕಾರ್ಡಿಯಾಲಜಿಸ್ಟಿಗೆ ಹೋಗಿ ಅಲ್ಲಿಂದ ಉತ್ತರ ಬಂದು ಜೀವ ಉಳ್ದಿದ್ದನ್ನ ನೋಡಿದೀನಿ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲೂ ಡಾಕ್ಟರ್‌ಗಳು ಇಂಥ ಮೆಸೇಜಿಂಗ್ ಆ್ಯಪ್ ಉಪಯೋಗ್ಸೋಕೆ ಅವಕಾಶ ಇದೆ. ತೊಂದ್ರೆ ಇರೋದು ಎರಡು ಕಡೆ. ಪೇಶೆಂಟ್ ಹೆಸ್ರು, ನಂಬರ್ ಸಮೇತ ಫೋಟೋ ಹತ್ತು ಹದಿನೈದು ಜನರ ಫೋನ್ ಗ್ಯಾಲರೀಲಿ ಕೂರತ್ತೆ, ಮನೇಲಿ ಮಕ್ಕಳು ಆಡೋ ಫೋನು ಅದೇ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ, ಪೇಶೆಂಟ್ ಮಾಹಿತಿ ಹೊಣೆ ನಮ್ದೇ. ಇನ್ನೊಂದು, ಆ ಗ್ರೂಪಲ್ಲಿ "ಡೋಸ್ ಅರ್ಧ ಮಾಡಿ" ಅಂತ ಬರ್ದದ್ದು ದಾಖಲೆಗೆ ಹೋಗೋದೇ ಇಲ್ಲ, ಬೆಳಗ್ಗೆ ಬಂದ ಡಾಕ್ಟರ್‌ಗೆ ಹಳೇ ಡೋಸೇ ಕಾಣತ್ತೆ. ಇದೇ ನಂಗೆ ಹೆಚ್ಚು ಭಯ.

ಕಳ್ಸಲೇಬೇಕಾದ್ರೆ ಹೆಸ್ರು ಕಾಣದ ಹಾಗೆ ಕ್ರಾಪ್ ಮಾಡಿ ಒಬ್ಬರಿಗೇ ಕಳ್ಸಿ, ಬಂದ ಸಲಹೇನ ದಾಖಲೇಲಿ ಬರ್ದು, ಫೋಟೋ ಅಳ್ಸಿ. ಮತ್ತೆ ನಿಮ್ಮ ಆಡಳಿತದವ್ರಿಗೆ ಒಂದು ಮಾತು ಹೇಳಿ, ಡಾಕ್ಟರ್‌ಗಳು ವಾಟ್ಸಾಪಿಗೆ ಹೋಗ್ತಿದಾರೆ ಅಂದ್ರೆ ಆಸ್ಪತ್ರೆ ಆ್ಯಪ್ ಸೋತಿದೆ ಅಂತ ಲೆಕ್ಕ, ಸರ್ಕ್ಯುಲರ್ ಹೊರಡ್ಸಿದ್ರೆ ಸಾಲಲ್ಲ, ಆ್ಯಪಲ್ಲೇ ಕ್ಯಾಮೆರಾ ಬಟನ್ ಕೊಡ್ಸಿ.

ಪ್ರಶ್ನೆ: ನಮ್ಮ ಪಿಎಚ್‌ಸೀಲಿ ನೆಟ್‌ವರ್ಕ್ ಬರೋದು ನೀರಿನ ಟ್ಯಾಂಕ್ ಹತ್ರ ನಿಂತ್ರೆ ಮಾತ್ರ. ಟ್ಯಾಬ್ ಕೊಟ್ಟಿದಾರೆ, ಏನ್ ಪ್ರಯೋಜನ?
ವೈದ್ಯಾಧಿಕಾರಿ, ಚಾಮರಾಜನಗರ ಜಿಲ್ಲೆ

ನೆಟ್ ಇಲ್ದೇ ಇದ್ರೂ ಡೇಟಾ ತುಂಬೋಕೆ ಆಗ್ಬೇಕು, ನೆಟ್ ಸಿಕ್ಕಾಗ ತಾನೇ ಕಳ್ಸಬೇಕು, ಹಳ್ಳಿ ಕಡೆಗೆ ಕೊಡೋ ಯಾವ ಆ್ಯಪಿಗೂ ಇದು ಮೊದಲನೇ ಷರತ್ತು ಆಗ್ಬೇಕಿತ್ತು. ಹಳ್ಳಿ ಹಳ್ಳಿಗೆ ಹೋಗೋ ನಿಮ್ಮ ಎಎನ್‌ಎಂ ಸಿಸ್ಟರ್‌ಗಳನ್ನ ಕೇಳಿ ನೋಡಿ, ಟ್ಯಾಬ್ ಬಂದ್ಮೇಲೂ ತಾಯಿ ಕಾರ್ಡ್, ರಿಜಿಸ್ಟರ್ ಎರಡೂ ಬರೀತಾರೆ, ಆಮೇಲೆ ನೆಟ್ ಇರೋ ಕಡೆ ಕೂತು ಅದನ್ನೇ ಮತ್ತೆ ತುಂಬ್ತಾರೆ. ಒಂದೇ ಕೆಲ್ಸ ಎರಡು ಸಲ, ಅದರ ಮಧ್ಯೆ ತಪ್ಪೂ ಸೇರ್ಕೊಳ್ಳತ್ತೆ. ನಿಮ್ಮ ಆ್ಯಪ್ ಆಫ್‌ಲೈನ್ ಆಗಿ ಕೆಲ್ಸ ಮಾಡೋದಾದ್ರೆ, ಕೊನೇ ಸಲ ಯಾವಾಗ ಸಿಂಕ್ ಆಯ್ತು ಅನ್ನೋದು ಸ್ಕ್ರೀನ್ ಮೇಲೆ ದೊಡ್ಡದಾಗಿ ಕಾಣ್ಬೇಕು, ಇಲ್ಲಾಂದ್ರೆ ಮೂರು ದಿನದ ಹಿಂದಿನ ಬಿಪಿ ನೋಡಿ ಇವತ್ತಿಂದು ಅಂದ್ಕೊಳ್ತೀರಿ.

ಪೇಪರ್ ಇಟ್ಕೊಂಡಿದೀರಿ ಅಂತ ಬೇಜಾರ್ ಮಾಡ್ಕೋಬೇಡಿ. 2022ರ ನವೆಂಬರಲ್ಲಿ ದೆಹಲಿಯ ಏಮ್ಸ್ ಸರ್ವರ್‌ಗಳ ಮೇಲೆ ಸೈಬರ್ ದಾಳಿ ಆದಾಗ ದೇಶದ ಅಷ್ಟು ದೊಡ್ಡ ಆಸ್ಪತ್ರೆ ದಿನಗಟ್ಟಲೆ ಪೇಪರ್ ಮೇಲೇ ನಡೀತು. ಪೇಪರಿಗೆ ವಾಪಸ್ ಹೋಗೋ ಅಭ್ಯಾಸ ಎಲ್ಲಾ ಆಸ್ಪತ್ರೆಗೂ ಇರ್ಬೇಕು, ನಿಮಗೆ ಈಗಾಗ್ಲೇ ಇದೆ.

ಪ್ರಶ್ನೆ: ಫೈನಲ್ ಇಯರ್ ಪ್ರಾಜೆಕ್ಟಿಗೆ ಡಾಕ್ಟರ್‌ಗಳಿಗಾಗಿ ಒಂದು ಪೇಶೆಂಟ್ ರೆಕಾರ್ಡ್ ಆ್ಯಪ್ ಮಾಡ್ತಿದೀವಿ. ಚೆನ್ನಾಗಿದೆ ಅಂತ ಫ್ರೆಂಡ್ಸ್ ಎಲ್ಲಾ ಹೇಳಿದ್ರು. ಬೇರೆ ಹೇಗೆ ಟೆಸ್ಟ್ ಮಾಡೋದು?
ಇಂಜಿನಿಯರಿಂಗ್ ವಿದ್ಯಾರ್ಥಿನಿ, ಬೆಳಗಾವಿ

ಹಾಸ್ಟೆಲಲ್ಲಿ ಕೂತು ಫ್ರೆಂಡ್ಸ್ ಚೆನ್ನಾಗಿದೆ ಅಂದದ್ದು ಲೆಕ್ಕಕ್ಕೆ ಬರಲ್ಲಮ್ಮಾ. ಐದು ಜನ ಡಾಕ್ಟರ್ ಸಿಕ್ಕಿದ್ರೂ ಸಾಕು, ಆದ್ರೆ ಅವ್ರನ್ನ ನಿಲ್ಸಿ, ಒಂದು ಕೈಗೆ ಫೋನ್ ಕೊಡಿ, ಇನ್ನೊಂದು ಕೈಗೆ ಸ್ಟೆತಾಸ್ಕೋಪ್, ಪಕ್ಕದಲ್ಲಿ ಯಾರಾದ್ರೂ ಎರಡು ನಿಮಿಷಕ್ಕೊಂದ್ಸಲ ಮಾತಾಡ್ಸಿ ಡಿಸ್ಟರ್ಬ್ ಮಾಡ್ಲಿ, ವಾರ್ಡ್ ಇರೋದೇ ಹಾಗೆ. ಮಾಡ್ತಾ ಮಾಡ್ತಾ ಮನಸ್ಸಲ್ಲಿ ಏನ್ ಓಡ್ತಿದೆ ಅಂತ ಜೋರಾಗಿ ಹೇಳೋಕೆ ಹೇಳಿ, ನೀವು ಬಾಯ್ ಮುಚ್ಕೊಂಡು ಬರ್ಕೊಳ್ಳಿ, ಸಹಾಯ ಮಾಡ್ಬೇಡಿ. ಕೊನೇಗೆ, ಬಳಸೋಕೆ ಎಷ್ಟು ಸಲೀಸು ಅಂತ ಅಳೆಯೋ ಎಸ್‌ಯುಎಸ್ ಅಂತ ಹತ್ತು ಪ್ರಶ್ನೆಯ ಒಂದು ಪಟ್ಟಿ ಇದೆ, 1986ರಲ್ಲಿ ಜಾನ್ ಬ್ರೂಕ್ ಅನ್ನೋರು ಮಾಡಿದ್ದು, ನೂರಕ್ಕೆ ಅಂಕ ಬರತ್ತೆ, ಸರಾಸರಿ 68 ಅಂತಾರೆ. ಅಮೆರಿಕದ ಡಾಕ್ಟರ್‌ಗಳು ತಮ್ಮ ಆಸ್ಪತ್ರೆ ಸಾಫ್ಟ್‌ವೇರಿಗೆ ಕೊಟ್ಟದ್ದು ಬರೀ 45.9, 2019ರಲ್ಲಿ ಅದು ಪ್ರಕಟ ಆಯ್ತು. ನಿಮ್ಮದು ಎಷ್ಟು ಬರತ್ತೆ ನೋಡಿ.

ಬಟನ್ ಕನಿಷ್ಠ ಒಂಬತ್ತು ಮಿಲಿಮೀಟರ್ ಇರ್ಲಿ, ಆಂಡ್ರಾಯ್ಡ್‌ನವ್ರು ಹೇಳೋ ಅಳತೆ ಹೆಚ್ಚುಕಮ್ಮಿ ಅದೇ. ಡೋಸನ್ನ ಬೆರಳಲ್ಲಿ ತಿರುಗ್ಸಿ ಆರಿಸೋ ಚಕ್ರದ ಥರ ಮಾಡ್ಬೇಡಿ, 5 ಮಿಲಿಗ್ರಾಂ ಪಕ್ಕ 50 ಇದ್ರೆ ಬೆರಳು ಜಾರೋಕೆ ಎಷ್ಟೊತ್ತು. 5.0 ಅಂತ ತೋರ್ಸಲೇಬೇಡಿ, ಚಿಕ್ಕ ಸ್ಕ್ರೀನಲ್ಲಿ ಚುಕ್ಕೆ ಕಾಣ್ದೆ 50 ಅಂತ ಓದ್ತಾರೆ. ಔಷಧಿ ಹೆಸರಿನ ಮೊದಲ ನಾಲ್ಕು ಅಕ್ಷರ ಹಾಕಿದ ತಕ್ಷಣ ಪಟ್ಟಿ ಬರೋ ಹಾಗೆ ಮಾಡಿರ್ತೀರಿ, ಅದರಲ್ಲಿ ಹೈಡ್ರಾಲಜೀನ್ ಕೆಳಗೇ ಹೈಡ್ರಾಕ್ಸಿಜೀನ್ ಬಂದು ಕೂರತ್ತೆ, ಒಂದು ಬಿಪಿಗೆ, ಇನ್ನೊಂದು ತುರಿಕೆಗೆ, ಪಕ್ಕದಲ್ಲೇ ಯಾವುದಕ್ಕೆ ಕೊಡೋ ಔಷಧಿ ಅಂತಾನೂ ಬರೀರಿ.

ಎಲ್ಲಕ್ಕಿಂತ ಮುಖ್ಯ, ಈ ಪೇಶೆಂಟ್ ಯಾರು ಅನ್ನೋದು ಯಾವ ಸ್ಕ್ರೀನಿಗೆ ಹೋದ್ರೂ ಮೇಲ್ಗಡೆ ಬಿಡ್ದೆ ಕಾಣ್ಬೇಕು. ನಮ್ಮ ಫೀಮೇಲ್ ವಾರ್ಡಲ್ಲಿ ಒಂದ್ಸಲ ಮೂರು ಜನ ಲಕ್ಷ್ಮಮ್ಮ ಇದ್ರು, ಇಬ್ರಿಗೆ ವಯಸ್ಸೂ ಅರವತ್ತೈದೇ. ಫೋನ್ ಸ್ಕ್ರೀನಲ್ಲಿ ಪಟ್ಟಿ ತೆಗ್ದ್ರೆ ಹೆಸ್ರು ಮಾತ್ರ ಕಾಣತ್ತೆ, ಉಳಿದದ್ದು ಮೂರು ಚುಕ್ಕೆ ಆಗಿ ಕತ್ತರಿಸಿಹೋಗತ್ತೆ. ಡ್ಯೂಟಿ ಡಾಕ್ಟರ್ ಬೇರೆ ಲಕ್ಷ್ಮಮ್ಮನ ಪುಟದಲ್ಲಿ ಇನ್ಸುಲಿನ್ ಬರ್ದುಬಿಟ್ಟಿದ್ರು, ಇಂಜೆಕ್ಷನ್ ತಗೊಂಡು ಹೋದ ಸಿಸ್ಟರ್ "ಅಜ್ಜಿ, ನಿಮಗೆ ಶುಗರ್ ಇದ್ಯಾ" ಅಂತ ಕೇಳಿದ್ದಕ್ಕೆ "ಇಲ್ವಲ್ಲವ್ವ, ನಂಗೆ ಕಾಲ್ನೋವು" ಅಂದ್ರು, ಅಷ್ಟರಿಂದ ಬಚಾವ್. ಹಾಗಾಗಿ ಹೆಸ್ರು, ವಯಸ್ಸು, ಊರು, ಬೆಡ್ ನಂಬರ್, ಐಪಿ (ಅಡ್ಮಿಷನ್) ನಂಬರ್, ಸಾಧ್ಯ ಆದ್ರೆ ಒಂದು ಚಿಕ್ಕ ಫೋಟೋ. ಅಲರ್ಜಿ ಇದ್ರೆ ಅದೂ ಅಲ್ಲೇ, ಕೆಂಪಲ್ಲಿ. ಆಭಾ ನಂಬರ್, ಅಂದ್ರೆ ಸರ್ಕಾರದ ಆರೋಗ್ಯ ಖಾತೆ ನಂಬರ್, 14 ಅಂಕಿ, ಅದನ್ನ ಡಾಕ್ಟರ್ ಕೈಯಲ್ಲಿ ಟೈಪ್ ಮಾಡ್ಸಬೇಡಿ, ಕ್ಯೂಆರ್ ಸ್ಕ್ಯಾನ್ ಮಾಡೋ ಹಾಗಿರ್ಲಿ, ಕೈಪಟ್ಟಿ ಮೇಲೂ ಒಂದು ಬಾರ್‌ಕೋಡ್ ಹಾಕ್ಸಿದ್ರೆ ಮೂರು ಲಕ್ಷ್ಮಮ್ಮನೂ ಬೇರೆ ಬೇರೆ ಆಗಿಯೇ ಉಳೀತಾರೆ.

ಪ್ರಶ್ನೆ: ನನಗೀಗ 66. ನಾಲ್ಕು ದಶಕ ಕೈಯಲ್ಲೇ ಬರ್ದೋನು. ಮಗ ಕ್ಲಿನಿಕ್ಕಿಗೆ ಟ್ಯಾಬ್ ತಂದಿಟ್ಟಿದಾನೆ. ನನ್ನ ಕೈಲಿ ಆಗಲ್ಲ ಅನ್ಸತ್ತೆ.
ಹಿರಿಯ ವೈದ್ಯರು, ಹಾಸನ ಜಿಲ್ಲೆ

ಸರ್, ನಮಸ್ಕಾರ. ನಿಮ್ಮಂಥವ್ರ ಓಪಿ ಚೀಟಿ ಓದಿಯೇ ನಮ್ಮ ತಲೆಮಾರು ಕಲ್ತದ್ದು, ಎರಡು ಸಾಲಲ್ಲಿ ಕಾಯಿಲೆ ಪೂರ್ತಿ ಬರ್ದಿರ್ತಿದ್ರಿ. ಆಗಲ್ಲ ಅಂತ ಅಂದ್ಕೋಬೇಡಿ. ಸೆಟ್ಟಿಂಗ್ಸಲ್ಲಿ ಅಕ್ಷರ ದೊಡ್ಡದು ಮಾಡ್ಸಿ, ಬ್ರೈಟ್‌ನೆಸ್ ಪೂರ್ತಿ ಏರ್ಸಿ, ಕಿಟಕಿಗೆ ಬೆನ್ನು ಹಾಕಿ ಕೂರ್ಬೇಡಿ, ಸ್ಕ್ರೀನ್ ಮೇಲೆ ಬೆಳಕು ಹೊಡೆದ್ರೆ ಏನೂ ಕಾಣಲ್ಲ. ಮೊದಲ ತಿಂಗಳು ಟ್ಯಾಬಲ್ಲಿ ಬರೀಲೇಬೇಡಿ, ಹಳೇ ರಿಪೋರ್ಟ್ ನೋಡೋಕೆ ಮಾತ್ರ ಉಪಯೋಗ್ಸಿ, ಪೇಪರಲ್ಲೇ ಬರ್ದು ಅದರ ಫೋಟೋನ ಪೇಶೆಂಟ್ ಪುಟಕ್ಕೆ ಸೇರ್ಸೋಕೆ ಕಾಂಪೌಂಡರ್‌ಗೆ ಹೇಳ್ಕೊಡಿ. ಆಮೇಲೆ ಪೆನ್ ಥರದ ಸ್ಟೈಲಸ್ ತರ್ಸಿ ಸ್ಕ್ರೀನ್ ಮೇಲೇ ಕೈಬರಹದಲ್ಲಿ ಬರ್ದು ನೋಡಿ, ಅಥವಾ ಮೈಕ್ ಒತ್ತಿ ಹೇಳಿದ್ರೆ ಅದೇ ಟೈಪ್ ಆಗತ್ತೆ, ಕನ್ನಡದಲ್ಲಿ ಹೇಳಿದ್ರೂ ಆಗತ್ತೆ, ಆದ್ರೆ ಔಷಧಿ ಹೆಸ್ರು ಮತ್ತು ಡೋಸ್ ಮಾತ್ರ ಕಣ್ಣಲ್ಲಿ ಓದ್ಕೊಂಡೇ ಸೇವ್ ಮಾಡಿ, ಅಲ್ಲಿ ಅದು ತಪ್ಪು ಕೇಳಿಸ್ಕೊಳ್ಳತ್ತೆ. ಮಗನ್ನ ಪಕ್ಕದಲ್ಲಿ ಕೂರ್ಸ್ಕೊಂಡು ಮಧ್ಯಾಹ್ನ ಪೇಶೆಂಟ್ ಕಮ್ಮಿ ಇರೋ ಹೊತ್ತಲ್ಲಿ ಹದಿನೈದು ನಿಮಿಷ ಅಭ್ಯಾಸ ಮಾಡಿ ಸರ್. ಒಂದು ತಿಂಗಳು ಆದ್ಮೇಲೆ ಎಲ್ಲಿ ಕೈ ತಡವರಿಸ್ತು ಅಂತ ನನಗೊಂದು ಪತ್ರ ಬರೀರಿ, ಕೈಯಲ್ಲೇ ಬರೀರಿ, ಅದನ್ನ ಇಲ್ಲೇ ಅಚ್ಚು ಹಾಕ್ತೀನಿ, ಆ್ಯಪ್ ಮಾಡೋ ಹುಡುಗರು ಓದ್ಲಿ.